ದೊಡ್ಡ ವಿಶ್ವವಿದ್ಯಾಲಯದ ಬಾಗಿಲು: ನಿಮ್ಮ ಅವಕಾಶ ಎಷ್ಟು?



ಇತ್ತೀಚೆಗೆ ಒಂದು ಭಾನುವಾರ ವಾಗ್ಳೆ ಎಸ್ಟೇಟಿನಲ್ಲಿರುವ ನಮ್ಮ ಸಂಘದ ಕಚೇರಿಗೆ ತಂದೆ, ಮಗಳು ಬಂದಿದ್ದರು. ತಂದೆಗೆ ಇಲ್ಲೇ ಒಂದು ಸಣ್ಣ ವರ್ಕ್‌ಶಾಪ್. ಮಗಳು ಅಂತಾರಾಷ್ಟ್ರೀಯ ಶಾಲೆಯಲ್ಲಿ ಹನ್ನೊಂದನೆಯ ತರಗತಿ, ಐಬಿ ಡಿಪ್ಲೊಮಾ. “ಮಾಸ್ಟ್ರೇ, ಇವಳಿಗೆ ಹಾರ್ವರ್ಡ್ ಸಿಗಬಹುದೇ? ಸಿಗುವುದಾದರೆ ಫ್ಲ್ಯಾಟ್ ಅಡವಿಟ್ಟಾದರೂ ಕಳಿಸುತ್ತೇನೆ” ಎಂದರು ತಂದೆ. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಅಂದು ಅವರಿಗೆ ಹೇಳಿದ್ದನ್ನು ನಿಮಗೂ ಹೇಳಬೇಕೆನಿಸಿತು.

ಮೊದಲು ಲೆಕ್ಕ. 2024ರಲ್ಲಿ ಹಾರ್ವರ್ಡ್‌ಗೆ 54,008 ಅರ್ಜಿಗಳು ಬಂದವು. ಆಯ್ಕೆಯಾದವರು 1,937 ಮಂದಿ. ಅಂದರೆ ನೂರಕ್ಕೆ ನಾಲ್ವರೂ ಇಲ್ಲ. ಅದೇ ವರ್ಷ ಎಂಐಟಿಗೆ 28,232 ಅರ್ಜಿಗಳು, ಆಯ್ಕೆ 1,284. ಎಂಐಟಿಯ ಪದವಿ ತರಗತಿಯಲ್ಲಿ ವಿದೇಶಿಯರು ಸುಮಾರು ಹತ್ತಕ್ಕೆ ಒಬ್ಬರು ಮಾತ್ರ. ಆ ಜಾಗಕ್ಕೆ ಇಡೀ ಪ್ರಪಂಚವೇ ಸಾಲು ನಿಂತಿರುತ್ತದೆ. ಆದ್ದರಿಂದ ನಮ್ಮ ಮಕ್ಕಳ ಪಾಲಿಗೆ ಬಾಗಿಲು ಇನ್ನೂ ಕಿರಿದು. ಶಾಲೆಯಲ್ಲಿ ಮೊದಲ ಸ್ಥಾನ ಬಂದವರಿಗೂ “ಸಿಕ್ಕೇ ಸಿಗುತ್ತದೆ” ಎಂದು ಯಾರೂ ಹೇಳಲಾರರು. ಹಾಗೆ ಹೇಳಿ ಹಣ ಕೇಳುವವರಿದ್ದರೆ ಅವರಿಂದ ದೂರವಿರಿ.

ಹಾಗಾದರೆ ನಿಮ್ಮ ಕೈಯಲ್ಲಿರುವುದೇನು? ಐಬಿಯಲ್ಲಿ ಆರು ವಿಷಯಗಳಿಗೆ ತಲಾ 7, ಉಳಿದ ಕಡ್ಡಾಯ ಭಾಗಕ್ಕೆ 3, ಹೀಗೆ ಒಟ್ಟು 45 ಅಂಕ. ಆದರೆ ಅಂತಿಮ ಪರೀಕ್ಷೆ ಮೇ ತಿಂಗಳಲ್ಲಿ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಅರ್ಜಿ ಅದರ ಹಿಂದಿನ ಅಕ್ಟೋಬರ್ ನಡುವಿನಲ್ಲೇ ಹೋಗಬೇಕು. ಅಮೆರಿಕಕ್ಕೆ ಹೆಚ್ಚಾಗಿ ಹೊಸ ವರ್ಷದ ಹೊತ್ತಿಗೆ. ಆಗ ಅವರು ನೋಡುವುದು ನಿಮ್ಮ ಅಧ್ಯಾಪಕರು ಅಂದಾಜು ಮಾಡಿ ಕೊಡುವ ಅಂಕಗಳನ್ನು. ಆ ಅಂದಾಜಿಗೆ ಬುನಾದಿ ಹನ್ನೊಂದನೆಯ ತರಗತಿ. “ಕೊನೆಯ ವರ್ಷ ಓದಿಕೊಂಡರಾಯಿತು” ಎನ್ನುವವರಿಗೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎಂಐಟಿ 2022ರಲ್ಲಿ, ಹಾರ್ವರ್ಡ್ 2024ರಲ್ಲಿ ಎಸ್‌ಎಟಿಯಂಥ ಪರೀಕ್ಷೆಯನ್ನು ಮತ್ತೆ ಕಡ್ಡಾಯಗೊಳಿಸಿದ್ದನ್ನೂ ನೆನಪಿಡಿ.

ಇನ್ನು ಹಣ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಮೊದಲಾದ ಬೆರಳೆಣಿಕೆಯ ಸಂಸ್ಥೆಗಳು ವಿದೇಶಿ ವಿದ್ಯಾರ್ಥಿಯನ್ನೂ ಹಣದ ಶಕ್ತಿ ನೋಡದೆ ಆರಿಸುತ್ತವೆ. ಆರಿಸಿದ ಮೇಲೆ ಕುಟುಂಬದ ಆದಾಯ ನೋಡಿ ನೆರವು ಕೊಡುತ್ತವೆ. ಅಂದರೆ ತಂದೆಯ ಫ್ಲ್ಯಾಟಿಗೆ ಹೆಚ್ಚಿನ ಅಪಾಯ ಇರುವುದು ಹಾರ್ವರ್ಡ್‌ನಲ್ಲಿ ಅಲ್ಲ, ಪಟ್ಟಿಯ ಕೆಳಗಿನ ಹೆಸರುಗಳಲ್ಲಿ! ಬೇರೆ ಹೆಚ್ಚಿನ ಕಡೆ ವಿದೇಶಿಯರು ನೆರವು ಕೇಳಿದರೆ ಆಯ್ಕೆಯ ಅವಕಾಶವೇ ತಗ್ಗುತ್ತದೆ. ಕೇಳದೆ ಸೇರಿದರೆ ಮುಂದೆ ಕೇಳಲು ಎಷ್ಟೋ ಕಡೆ ಅವಕಾಶವಿಲ್ಲ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕುಳಿತು, ನಾಲ್ಕು ವರ್ಷಕ್ಕೆ ಎಷ್ಟು ಕೊಡಬಲ್ಲೆವು ಎಂದು ಅಪ್ಪ ಅಮ್ಮನ ಜೊತೆ ಬಾಯಿ ಬಿಟ್ಟು ಮಾತಾಡಿ. ನಮ್ಮ ಮನೆಗಳಲ್ಲಿ ಈ ಮಾತು ಆಡಲು ಸಂಕೋಚ. ಆ ಸಂಕೋಚಕ್ಕೆ ಬಡ್ಡಿ ಬಹಳ.

ನಮ್ಮ ದೇಶದ ದಾರಿಯನ್ನೂ ಮುಚ್ಚಬೇಡಿ. 2024ರಲ್ಲಿ ಜೆಇಇ ಅಡ್ವಾನ್ಸ್‌ಡ್ ಬರೆದವರು 1,80,200. ಐಐಟಿಗಳಲ್ಲಿದ್ದ ಸೀಟು 17,740. ಹತ್ತಕ್ಕೆ ಒಂದು ಎಂದು ಹಿಗ್ಗುವಂತಿಲ್ಲ, ಬರೆದವರೆಲ್ಲ ಜೆಇಇ ಮೇನ್‌ನ ಜರಡಿ ದಾಟಿ ಬಂದವರು. ಐಬಿಯವರಿಗೆ ಇನ್ನೊಂದು ತೊಡಕು: ಫಲಿತಾಂಶ ಬರುವುದು ಜುಲೈ ಮೊದಲ ವಾರ, ಇಲ್ಲಿಯ ಸೀಟು ಹಂಚಿಕೆ ಜೂನ್‌ನಲ್ಲೇ ಶುರುವಾಗಿರುತ್ತದೆ. ಬೇಕಾದ ವಿಷಯಗಳು, ತತ್ಸಮಾನ ಪ್ರಮಾಣಪತ್ರ, ತಾರೀಖುಗಳು, ಇವನ್ನು ಒಂದು ವರ್ಷ ಮೊದಲೇ ವಿಚಾರಿಸಿ.

ಹೊರಡುವಾಗ ಆ ಹುಡುಗಿ ಮೊದಲ ಬಾರಿಗೆ ಬಾಯಿ ತೆರೆದಳು. “ಅಂಕಲ್, ಅರ್ಜಿಯ ಪ್ರಬಂಧದಲ್ಲಿ ಏನು ಬರೆಯಲಿ? ನಾನು ಹೇಳಿಕೊಳ್ಳುವಂಥದ್ದೇನೂ ಮಾಡಿಲ್ಲ.” ರಜೆಯಲ್ಲಿ ಏನು ಮಾಡುತ್ತಿ ಎಂದು ಕೇಳಿದೆ. ಎರಡು ವರ್ಷದಿಂದ ಅಪ್ಪನ ವರ್ಕ್‌ಶಾಪಿನ ಲೆಕ್ಕ ಬರೆಯುತ್ತಿದ್ದಾಳೆ. ಯಾವ ಗಿರಾಕಿ ಬಾಕಿ ತಡಮಾಡುತ್ತಾನೆ, ಅದರಿಂದ ಯಾರ ಸಂಬಳ ತಡವಾಗುತ್ತದೆ, ಎಲ್ಲ ಅವಳಿಗೆ ಗೊತ್ತು. ಶಾಲೆಯ ಗೆಳತಿಯರಿಗೆ ಇದನ್ನು ಹೇಳಿಲ್ಲವಂತೆ. “ಅದನ್ನೇ ಬರೆ ಮಗಾ” ಎಂದೆ. ತಂದೆ ಕಿಟಕಿಯ ಕಡೆ ಮುಖ ತಿರುಗಿಸಿದರು.

ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರ ಮಕ್ಕಳು, ಮೊಮ್ಮಕ್ಕಳು ನೀವು. ಎಟುಕದ ಒಂದೆರಡು, ಎಟುಕಬಹುದಾದ ಮೂರು ನಾಲ್ಕು, ಖಂಡಿತ ಸಿಗುವ ಒಂದೆರಡು, ಹೀಗೆ ಪಟ್ಟಿ ಮಾಡಿ. ಖಂಡಿತ ಸಿಗುವ ಕಡೆಯೂ ಸಂತೋಷದಿಂದ ಓದಬಲ್ಲಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೌದೆಂದಾದರೆ ಧೈರ್ಯವಾಗಿ ಹಾರ್ವರ್ಡ್‌ಗೂ ಅರ್ಜಿ ಹಾಕಿ. ಫ್ಲ್ಯಾಟಿನ ಕಾಗದಪತ್ರ ಮಾತ್ರ ಕಪಾಟಿನಲ್ಲೇ ಇರಲಿ.