ಚೇಗು, ಬೆಣೆ ಮತ್ತು ಒಂದು ಇಲಿ

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಒಂದು ಓಕ್ ಕುರ್ಚಿ ಇದೆ. ಒಂದನೇ ಎಡ್ವರ್ಡ್ ದೊರೆ ಸ್ಕಾಟ್ಲೆಂಡಿನಿಂದ ಹೊತ್ತು ತಂದ ಪಟ್ಟದ ಕಲ್ಲನ್ನು ಇಡಲೆಂದು 1300ರ ಸುಮಾರಿಗೆ ಮಾಡಿಸಿದ್ದು. ಆಗ ಅದರ ಮೈತುಂಬ ಚಿನ್ನದ ಲೇಪ, ಬಣ್ಣದ ಗಾಜು. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಪಕ್ಕದ ಶಾಲೆಯ ಹುಡುಗರೂ ನೋಡಬಂದವರೂ ಚಾಕುವಿನಿಂದ ಅದರ ಮೇಲೆ ಹೆಸರು ಕೆತ್ತಿದರು. 1800ರ ಜುಲೈನಲ್ಲಿ ಒಬ್ಬ ಪುಣ್ಯಾತ್ಮ ರಾತ್ರಿ ಅದರಲ್ಲೇ ಮಲಗಿ, ಮಲಗಿದ್ದೆ ಎಂದು ಕೆತ್ತಿಯೂ ಹೋದ. 1914ರಲ್ಲಿ ಅದರ ಪಕ್ಕ ಬಾಂಬ್ ಸಿಡಿದು ಒಂದು ಮೂಲೆ ಮುರಿಯಿತು. 2023ರ ಮೇ ತಿಂಗಳಲ್ಲಿ ಮೂರನೇ ಚಾರ್ಲ್ಸ್ ಕಿರೀಟ ಧರಿಸಿದ್ದು ಅದೇ ಕುರ್ಚಿಯಲ್ಲಿ ಕೂತು. ಚಿನ್ನ ಬಹುಪಾಲು ಸವೆದಿದೆ, ಗಾಜು ಉದುರಿದೆ. ಮರ ಮಾತ್ರ ದೊರೆಯ ಭಾರ ಹೊತ್ತು ನಿಂತಿದೆ.

ಓಕ್ ಗಟ್ಟಿ ಮರ, ಅದಕ್ಕೇ ಬಾಳುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಅದು ಅರ್ಧ ಸತ್ಯ. ಗಟ್ಟಿತನವೊಂದೇ ಲೆಕ್ಕವಾದರೆ ನಮ್ಮ ಬೀಟೆ ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಓಕಿನ ಆಯುಷ್ಯ ಇರುವುದು ಅದರ ಒಳರಚನೆಯಲ್ಲಿ, ಆ ರಚನೆಯನ್ನು ಅರಿತು ಕೆಲಸ ಮಾಡಿದ ಬಡಗಿಯ ಕೈಯಲ್ಲಿ. ಎರಡರಲ್ಲಿ ಒಂದು ತಪ್ಪಿದರೂ ಒಳ್ಳೆಯ ಓಕ್ ಹತ್ತು ವರ್ಷಕ್ಕೆ ಸೀಳುತ್ತದೆ.

ಮೊದಲು ಮರ. ಪ್ರತಿ ವಸಂತದಲ್ಲಿ ಓಕ್ ಕಣ್ಣಿಗೆ ಕಾಣುವಷ್ಟು ದೊಡ್ಡ ರಂಧ್ರಗಳ ಒಂದು ಸುತ್ತು ಬೆಳೆಯುತ್ತದೆ. ಆ ಸುತ್ತಿನ ದಪ್ಪ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದು. ಬೇಸಿಗೆಯಲ್ಲಿ ಅದರ ಮೇಲೆ ಬೆಳೆಯುವ ಭಾಗ ಒತ್ತಾಗಿ, ಬಿಗಿಯಾಗಿ ಇರುತ್ತದೆ. ಹಾಗಾಗಿ ನಿಧಾನವಾಗಿ ಬೆಳೆದ ಮರವೇ ಗಟ್ಟಿ ಎಂಬ ನಂಬಿಕೆ ಇಲ್ಲಿ ತಲೆಕೆಳಗು. ಹೆಚ್ಚು ಬೆಳೆದ ವರ್ಷದಲ್ಲಿ ಬಿಗಿಯಾದ ಭಾಗ ಹೆಚ್ಚು, ಸೊರಗಿದ ವರ್ಷದಲ್ಲಿ ಬರೀ ರಂಧ್ರಗಳು. ಸೊರಗಿ ಬೆಳೆದ ಮೆತ್ತಗಿನ ಓಕನ್ನು ಕೆತ್ತನೆಯವರು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ತೊಲೆ ಮಾಡುವವರಿಗೆ ಅದು ಬೇಡ. ಮರ ಬಲಿತಂತೆ ಒಳಗಿನ ಬಲಿತ ಭಾಗವಾದ ಚೇಗಿನ ರಂಧ್ರಗಳು ತಾವೇ ಮುಚ್ಚಿಕೊಳ್ಳುತ್ತವೆ. ವೈನ್, ವಿಸ್ಕಿ ಪೀಪಾಯಿಗಳು ಸೋರದಿರುವುದು ಇದರಿಂದಲೇ. ಅಮೆರಿಕದ ಕೆಂಪು ಓಕಿನಲ್ಲಿ ಈ ರಂಧ್ರಗಳು ತೆರೆದೇ ಇರುತ್ತವೆ. ಅದರ ತುಂಡಿನ ಒಂದು ತುದಿಗೆ ಬಾಯಿಟ್ಟು ಊದಿದರೆ ಇನ್ನೊಂದು ತುದಿಯಿಂದ ಗಾಳಿ ಬರುತ್ತದೆ. ಓಕ್ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಚೇಗಿನ ಸುತ್ತ ಬೆಳ್ಳಗಿನ ಎಳೆಯ ಭಾಗವಿರುತ್ತದೆ. ಕುಟ್ಟೆ ಹುಳುವಿಗೆ ಅದು ಹಬ್ಬದೂಟ. ಬಲ್ಲ ಬಡಗಿ ಅದನ್ನು ಕೆತ್ತಿ ಎಸೆಯುತ್ತಾನೆ. ಹಲಗೆ ಅಗಲವಾಗಲಿ ಎಂದು ಆಸೆಪಡುವವನು ಉಳಿಸಿಕೊಳ್ಳುತ್ತಾನೆ.

ಇನ್ನು ಓಕಿನ ನಿಜವಾದ ಚೆಲುವು. ಮರದ ನಡುವಿನಿಂದ ತೊಗಟೆಯ ಕಡೆಗೆ ನೇರವಾಗಿ ಹಾಯುವ ಜೀವಕೋಶಗಳ ಪಟ್ಟಿಗಳು ಎಲ್ಲ ಮರಗಳಲ್ಲೂ ಇವೆ, ಆದರೆ ಓಕಿನಲ್ಲಿ ಅವು ಬಲು ದೊಡ್ಡವು. ದಿಮ್ಮಿಯನ್ನು ಮೊದಲು ನಾಲ್ಕಾಗಿ ಸೀಳಿ, ಆಮೇಲೆ ಈ ಪಟ್ಟಿಗಳ ಗುಂಟ ಹಲಗೆ ಕೊಯ್ದರೆ ಮೇಲ್ಮೈಯಲ್ಲಿ ಬೆಳ್ಳಿಯಂಥ ಮಿಂಚು ಏಳುತ್ತದೆ. ಹೀಗೆ ಕೊಯ್ಯುವಾಗ ಮರ ಹೆಚ್ಚು ಹಾಳಾಗುತ್ತದೆ, ಬೆಲೆ ಏರುತ್ತದೆ. ಆ ಬೆಲೆ ಕೊಡುವವರು ಬರೀ ಅಂದಕ್ಕಾಗಿ ಕೊಡುವುದಲ್ಲ. ಒಣಗುವಾಗ ಓಕ್ ತನ್ನ ವರ್ಷದ ಸುತ್ತುಗಳ ಗುಂಟ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು. ಉದ್ದಕ್ಕಂತೂ ಕುಗ್ಗುವುದೇ ಇಲ್ಲವೆನ್ನಬಹುದು. ಈ ತಾರತಮ್ಯದಿಂದಲೇ ಹಲಗೆ ಬಾಗುವುದು, ಸೀಳುವುದು. ನಾಲ್ಕಾಗಿ ಸೀಳಿ ಕೊಯ್ದ ಹಲಗೆಯ ಅಗಲದಲ್ಲಿ ಆ ಕಡಿಮೆ ಕುಗ್ಗುವಿಕೆ ಮಾತ್ರ ಇರುತ್ತದೆ.

ಇಂಗ್ಲೆಂಡಿನ ಹಳೆಯ ಲೆಕ್ಕದಲ್ಲಿ ಓಕ್ ಹಲಗೆ ಗಾಳಿಯಲ್ಲಿ ಒಣಗಬೇಕಾದದ್ದು ಒಂದಿಂಚು ದಪ್ಪಕ್ಕೆ ಒಂದು ವರ್ಷ. ಎರಡಿಂಚಿನ ಮೇಜು ಬೇಕೆಂದರೆ ಬಡಗಿ ಎರಡು ವರ್ಷ ಕಾಯಬೇಕು. ಅಷ್ಟು ಕಾದರೂ ಮರ ಅಲುಗಾಡುವುದನ್ನು ಬಿಡದು. ಮಳೆಗಾಲದಲ್ಲಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ, ಮುನ್ನೂರು ವರ್ಷ ಕಳೆದ ಮೇಲೂ. ಮಧ್ಯಯುಗದ ಪೆಟ್ಟಿಗೆಗಳಲ್ಲಿ ಅಗಲ ಹಲಗೆಗಳನ್ನು ಒಂದಕ್ಕೊಂದು ಮೊಳೆ ಹೊಡೆದು ಬಿಗಿದಿದ್ದರು. ಅಲುಗಲು ಜಾಗವಿಲ್ಲದೆ ಅವುಗಳಲ್ಲಿ ಹಲವು ಮೊಳೆಯ ಸಾಲಿನಲ್ಲೇ ಸೀಳಿವೆ.

ಹದಿನೈದನೇ ಶತಮಾನದ ಹೊತ್ತಿಗೆ ಉತ್ತರ ಯುರೋಪಿನ ಬಡಗಿಗಳು ಇದಕ್ಕೆ ಕಂಡುಕೊಂಡಿದ್ದ ಉಪಾಯವನ್ನು ನಾನು ಚಕ್ರದಷ್ಟೇ ಜಾಣತನದ್ದೆಂದು ಎಣಿಸುತ್ತೇನೆ. ಸಪೂರವಾದ ನಾಲ್ಕು ಪಟ್ಟಿಗಳಿಂದ ಒಂದು ಚೌಕಟ್ಟು, ಅದರ ಒಳಬದಿಯಲ್ಲಿ ಸಣ್ಣ ಕಾಲುವೆ ತೋಡಿ ಅದರೊಳಗೆ ತೆಳು ಹಲಗೆ. ಹಲಗೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಅದು ಆ ಕಾಲುವೆಯೊಳಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ, ಚೌಕಟ್ಟಿನ ಅಳತೆ ಕದಲುವುದಿಲ್ಲ. ಚೌಕಟ್ಟಿನ ಮೂಲೆಯಲ್ಲಿ ಒಂದು ಪಟ್ಟಿಯ ತುದಿಯನ್ನು ಸಣ್ಣದು ಮಾಡಿ ಇನ್ನೊಂದರ ಕಂಡಿಗೆ ತೂರಿಸಿ, ಅಡ್ಡಲಾಗಿ ಮರದ ಬೆಣೆ ಹೊಡೆಯುತ್ತಾರೆ. ಬೆಣೆಯ ತೂತುಗಳನ್ನು ಒಂದೇ ಸಾಲಿನಲ್ಲಿ ಕೊರೆಯುವುದಿಲ್ಲ. ತೂರುವ ತುದಿಯಲ್ಲಿನ ತೂತು ಕಂಡಿಯ ತೂತಿಗಿಂತ ಒಂದೆರಡು ಮಿಲಿಮೀಟರ್ ಆ ತುದಿಯ ಬುಡದ ಕಡೆಗೆ ಇರುತ್ತದೆ. ಚೂಪಾದ ಓಕ್ ಬೆಣೆ ಈ ಸೊಟ್ಟ ದಾರಿಯಲ್ಲಿ ಬಾಗಿ ನುಗ್ಗುವಾಗ ಎರಡು ತುಂಡುಗಳನ್ನೂ ಎಳೆದು ಕಚ್ಚಿಸುತ್ತದೆ. ಬೆಣೆಯನ್ನು ಗರಗಸದಿಂದ ಕೊಯ್ಯದೆ ನಾರಿನ ಗುಂಟ ಸೀಳಿ ಮಾಡುತ್ತಾರೆ. ನಾರು ಕಡಿದಿದ್ದರೆ ಬಾಗುವಾಗ ಅದು ಮುರಿಯುತ್ತದೆ. ಅಂಟು ಕಾಲಾಂತರದಲ್ಲಿ ಸಾಯುತ್ತದೆ, ಈ ಹಿಡಿತ ಸಾಯುವುದಿಲ್ಲ. ಕಾಲು ಮುರಿದರೆ ಬೆಣೆಯನ್ನು ಹೊರಕ್ಕೆ ಹೊಡೆದು, ಹೊಸ ಕಾಲು ಕೂರಿಸಿ, ಮತ್ತೆ ಬೆಣೆ ಹೊಡೆದರಾಯಿತು. ಪಾರ್ಟಿಕಲ್ ಬೋರ್ಡಿನ ಕಪಾಟಿನಲ್ಲಿ ಒಮ್ಮೆ ಸ್ಕ್ರೂ ಸಡಿಲವಾದರೆ ಆ ತೂತಿನಲ್ಲಿ ಮತ್ತೆ ಏನೂ ಕಚ್ಚುವುದಿಲ್ಲ. ಘನ ಮರದ ಬೆಲೆ ಏಕೆ ಅಷ್ಟು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ರಿಪೇರಿ ಮಾಡಬಹುದು.

ಓಕಿಗೆ ಕೆಟ್ಟ ಗುಣಗಳೂ ಇವೆ. ಚೇಗಿನಲ್ಲಿ ಒಗರು, ಅಂದರೆ ಟ್ಯಾನಿನ್, ಧಾರಾಳ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೋಕಿದಾಗ ಆಗುವಂತೆ, ಹಸಿ ಓಕಿಗೆ ಕಬ್ಬಿಣದ ಮೊಳೆ ಹೊಡೆದರೆ ಸುತ್ತ ನೀಲಿಗಪ್ಪು ಕಲೆ ಹರಡುತ್ತದೆ, ಮೊಳೆ ತುಕ್ಕಾಗಿ ಸವೆಯುತ್ತದೆ. ಮರದಿಂದ ಹೊಮ್ಮುವ ಆಮ್ಲದ ಆವಿ ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಇಷ್ಟು ಬಾಳುವ ಮರವಾದರೂ ಸೀಸದ ಮುದ್ರೆಗಳನ್ನು ಓಕ್ ಪೆಟ್ಟಿಗೆಯಲ್ಲಿ ಇಡಲು ಇಂದಿನ ವಸ್ತುಸಂಗ್ರಹಾಲಯದವರು ಒಪ್ಪುವುದಿಲ್ಲ. ಈ ವಿಷಯದಲ್ಲಿ ನಮ್ಮ ತೇಗವೇ ಮೇಲು. ಅದರ ಎಣ್ಣೆ ಕಬ್ಬಿಣವನ್ನು ಕೆಡಿಸದು, ಗೆದ್ದಲನ್ನೂ ದೂರ ಇಡುತ್ತದೆ. ನೆಪೋಲಿಯನ್ ಯುದ್ಧಗಳಲ್ಲಿ ಓಕ್ ಸಾಲದೆ ಹೋದಾಗ ಬ್ರಿಟಿಷ್ ನೌಕಾಪಡೆ ಮುಂಬೈಯಲ್ಲಿ ಮಲಬಾರಿನ ತೇಗದಿಂದ ಹಡಗು ಕಟ್ಟಿಸಿತು. ಹಾಗೆ 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟ್‌ಪೂಲ್‌ನಲ್ಲಿ ಈಗಲೂ ತೇಲುತ್ತಿದೆ.

ಓಕಿನ ಅದೇ ಒಗರನ್ನು ದುಡಿಸಿಕೊಂಡವನು ಯಾರ್ಕ್‌ಷೈರಿನ ಕಿಲ್‌ಬರ್ನ್ ಹಳ್ಳಿಯ ರಾಬರ್ಟ್ ಥಾಂಪ್ಸನ್ (1876–1955). ಊರ ಬಡಗಿಯ ಮಗ. ಯಂತ್ರಗಳ ಕೆಲಸ ಕಲಿಯಲು ಅಪ್ಪ ಕಳಿಸಿದ್ದ. ಆದರೆ ದಾರಿಯಲ್ಲಿ ರಿಪನ್ ಕ್ಯಾಥೆಡ್ರಲ್‌ನ ಹದಿನೈದನೇ ಶತಮಾನದ ಓಕ್ ಕೆತ್ತನೆ ಕಂಡು ಮನಸೋತು, ಆ ಹಳೆಯ ಕೆಲಸವನ್ನೇ ಹಿಡಿದ. ಮೇಜಿನ ಮೇಲ್ಮೈಗೆ ಕೀಸುಳಿಯ ನುಣುಪು ಬೇಡವೆಂದು ಬಾಚಿಯಿಂದ ಸಣ್ಣ ಸಣ್ಣ ಏಟು ಹಾಕಿ ಕೆತ್ತುತ್ತಿದ್ದ. ಕೈಯಾಡಿಸಿದರೆ ಅಲೆ ಸಿಗುತ್ತದೆ. ಆಮೇಲೆ ಅಮೋನಿಯಾದ ಹೊಗೆಗೆ ಒಡ್ಡಿ ಮರವನ್ನು ಕಂದಾಗಿಸುತ್ತಿದ್ದ. ಆ ಹೊಗೆ ಟ್ಯಾನಿನ್ ಜೊತೆ ಸೇರಿ ಬಣ್ಣ ಮರದೊಳಗೇ ಹುಟ್ಟುತ್ತದೆ, ಮೇಲೆ ಬಳಿದದ್ದಲ್ಲವಾದ್ದರಿಂದ ಗೀಚಿದರೆ ಹೋಗದು. ಒಂದು ದಿನ ಜೊತೆಗಾರ ಕೆತ್ತನೆಯವನು ತಮ್ಮ ಬಡತನಕ್ಕೆ ಚರ್ಚಿನ ಇಲಿಯ ಹೋಲಿಕೆ ಕೊಟ್ಟನಂತೆ. ಥಾಂಪ್ಸನ್ ಅಲ್ಲೇ ಒಂದು ಇಲಿ ಕೆತ್ತಿದ. ಅಲ್ಲಿಂದ ಮುಂದೆ ಅವನ ಹೆಚ್ಚುಕಡಿಮೆ ಪ್ರತಿ ಕುರ್ಚಿ, ಮೇಜಿನ ಮೇಲೂ ಒಂದು ಇಲಿ ಹತ್ತಿಕೊಂಡಿತು. ಮೊದಮೊದಲ ಇಲಿಗಳಿಗೆ ಮುಂಗಾಲುಗಳಿದ್ದವು. ಮುಂದೆ ಅವನ್ನು ಕೆತ್ತುವುದು ಬಿಟ್ಟ. ಮುಂಗಾಲಿನ ಇಲಿ ಸಿಕ್ಕರೆ ಇಂದು ಹರಾಜಿನಲ್ಲಿ ಬೆಲೆ ಏರುತ್ತದೆ. ಅವನ ವಂಶಸ್ಥರು ಅದೇ ಹಳ್ಳಿಯಲ್ಲಿ ಕಾರ್ಖಾನೆ ನಡೆಸಿಕೊಂಡು ಬಂದಿದ್ದಾರೆ.

ಹೆಸರಿಲ್ಲದ ಹಳೆಯ ಓಕಿಗೆ ಈ ಅದೃಷ್ಟವಿಲ್ಲ. ಈ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಕಂದುಬಣ್ಣದ ಹಳೆಯ ಪೀಠೋಪಕರಣಗಳ ಬೆಲೆ ಬಿದ್ದಿದೆ. ಮನೆಗಳು ಚಿಕ್ಕವಾದವು, ಅಭಿರುಚಿ ಬದಲಾಯಿತು. ಹದಿನೇಳನೇ ಶತಮಾನದ ಸಾದಾ ಓಕ್ ಪೆಟ್ಟಿಗೆ ಅನೇಕ ಸಲ ಹೊಸದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಕೊಳ್ಳುವವರಿಗೆ ಇದು ಒಳ್ಳೆಯ ಕಾಲವೆಂದೇ ನನ್ನ ಎಣಿಕೆ. ನಮ್ಮ ಪೇಟೆಗಳಲ್ಲಿ ಓಕ್ ಎಂದು ಮಾರುವುದು ಬಹುಪಾಲು ಓಕಿನ ಬಣ್ಣದ ಲ್ಯಾಮಿನೇಟ್. ಮೇಲಿನ ಗೆರೆಗಳು ಹಲಗೆಯ ಅಂಚನ್ನು ದಾಟಿ ತುದಿಯಲ್ಲಿ ಮುಂದುವರಿಯುತ್ತವೆಯೇ, ಅಡಿಯಲ್ಲೂ ಅದೇ ಮರವೇ ಎಂದು ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಹಳೆಯದೇ ಎಂದು ಯಾರಾದರೂ ದುಂಡು ಮೇಜು ತೋರಿಸಿದರೆ ಟೇಪು ಹಿಡಿಯಿರಿ. ನಾರಿನ ಗುಂಟ ಒಮ್ಮೆ, ಅಡ್ಡಕ್ಕೊಮ್ಮೆ ಅಳೆಯಿರಿ. ನಿಜವಾಗಿ ಹಳೆಯದಾದರೆ ಅಡ್ಡಳತೆ ಕೆಲವು ಮಿಲಿಮೀಟರ್ ಕಡಿಮೆ ಇರುತ್ತದೆ. ಎರಡೂ ಕಡೆ ಒಂದೇ ಅಳತೆ ಬಂದರೆ ಬೆಲೆ ಇಳಿಸಿ ಕೇಳಬಹುದು.