ಬೇಲಿಯೇ ಹೊಲವನ್ನು ಮೇಯ್ದಾಗ: ನರಮಂಡಲದ ಸ್ವಘಾತಕ ರೋಗಗಳು

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು ಎಂಬ ಮಾತು ಕನ್ನಡಿಗರ ನಾಲಗೆಯ ಮೇಲೆ ಬಹುಕಾಲದಿಂದ ನೆಲೆನಿಂತಿದೆ. ಅರಕಲಗೂಡು ಸೀಮೆಯ ಆಲೂಗೆಡ್ಡೆ, ಹೊಗೆಸೊಪ್ಪು, ರಾಗಿಯ ಹೊಲಗಳಿಗೆ ಬೇಲಿಯು ಹೇಗೋ ಹಾಗೆಯೇ ಮಾನವಶರೀರಕ್ಕೆ ರೋಗನಿರೋಧಕ ಶಕ್ತಿ. ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಗುರುತಿಸಿ ಸಂಹರಿಸುವುದು ಅದರ ಧರ್ಮ. ತನ್ನದಾವುದು, ಪರರದಾವುದು ಎಂಬ ವಿವೇಕವೇ ಅದರ ಬಲ. ಈ ವಿವೇಕವು ತಪ್ಪಿ, ಕಾಯಬೇಕಾದ ಶಕ್ತಿಯೇ ಮೆದುಳು, ಬೆನ್ನುಹುರಿ, ನರಗಳ ಮೇಲೆ ಎರಗಿದಾಗ ಹುಟ್ಟುವ ರೋಗಗಳನ್ನು ವೈದ್ಯರು ‘ಆಟೋಇಮ್ಯೂನ್’ ರೋಗಗಳೆನ್ನುತ್ತಾರೆ. ಕನ್ನಡದಲ್ಲಿ ಇವನ್ನು ಸ್ವಘಾತಕ ರೋಗಗಳೆಂದು ಕರೆಯಬಹುದು. ಆಕ್ರಮಣಕ್ಕೆ ಒಳಗಾದ ಭಾಗವು ಕೆಂಪೇರಿ ಬಾವುಗೊಳ್ಳುವುದಕ್ಕೆ ಉರಿಯೂತವೆಂದು ಹೆಸರು. ಉರಿ ಮತ್ತು ಊತ ಎಂಬೆರಡು ಅಚ್ಚಗನ್ನಡ ಪದಗಳು ಕೂಡಿ ಆ ವಿಕಾರದ ಸ್ವರೂಪವನ್ನು ತಾವಾಗಿಯೇ ಹೇಳಿಬಿಡುತ್ತವೆ.

ಈ ರೋಗಗಳ ತತ್ತ್ವವು ವಿಜ್ಞಾನಿಗಳಿಗೆ ಗೋಚರವಾದ ಬಗೆಯು ಕುತೂಹಲಕರವಾದುದು. ಅದರ ಒಂದು ಎಳೆಯು ಹಳ್ಳಿಗಾಡಿನವರೆಲ್ಲರೂ ಬಲ್ಲ ಒಂದು ಸಂಗತಿಯೊಡನೆ ಹೆಣೆದುಕೊಂಡಿದೆ. ಹುಚ್ಚುನಾಯಿ ಕಚ್ಚಿದವರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಕೊಡುತ್ತಿದ್ದುದು ಹಿರಿಯರಿಗೆ ಇಂದಿಗೂ ನೆನಪಿರುವ ವಿಷಯ. ಆ ಮದ್ದಿನ ಮೂಲವು ಫ್ರಾನ್ಸಿನ ಲೂಯಿ ಪಾಶ್ಚರನು 1885ರಲ್ಲಿ ಮೊಲದ ಬೆನ್ನುಹುರಿಯಿಂದ ಸಿದ್ಧಪಡಿಸಿದ ಲಸಿಕೆ. ಹುಚ್ಚುನಾಯಿ ರೋಗದ ವೈರಾಣು ನರಗಳಲ್ಲಿಯೇ ಬೆಳೆಯುವುದರಿಂದ ಲಸಿಕೆಯನ್ನೂ ನರದ ವಸ್ತುವಿನಿಂದಲೇ ತೆಗೆಯಬೇಕಾಗಿತ್ತು. 1911ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯನು ಪ್ರಾಣಿಗಳ ಮೆದುಳಿನಲ್ಲಿ ವೈರಾಣುವನ್ನು ಬೆಳೆಸಿ, ಕಾರ್ಬಾಲಿಕ್ ಆಮ್ಲದಿಂದ ಅದನ್ನು ಕೊಂದು ಲಸಿಕೆ ಮಾಡುವ ಸುಲಭ ವಿಧಾನವನ್ನು ರೂಪಿಸಿದನು. ದಕ್ಷಿಣದಲ್ಲಿ 1907ರಲ್ಲಿ ಸ್ಥಾಪಿತವಾದ ಕೂನೂರಿನ ಪಾಶ್ಚರ್ ಸಂಸ್ಥೆಯೂ ಇಂತಹ ಲಸಿಕೆಗಳನ್ನು ಒದಗಿಸಿತು. ಇದರಿಂದ ಬದುಕಿ ಉಳಿದ ಜೀವಗಳು ಅಸಂಖ್ಯಾತ.

ಆದರೆ ಮದ್ದು ಪಡೆದವರಲ್ಲಿ ಕೆಲವರಿಗೆ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು ಬಂದು, ಕಾಲುಗಳು ಸೋತು, ಮೂತ್ರ ಕಟ್ಟಿ, ಕೈಕಾಲು ಬಿದ್ದುಹೋಗುತ್ತಿದ್ದವು. ಇದು ಹುಚ್ಚುನಾಯಿ ರೋಗವಲ್ಲ; ಸತ್ತ ವೈರಾಣುವಿನ ಕೆಲಸವೂ ಅಲ್ಲ. ಹಾಗಾದರೆ ದೋಷವೆಲ್ಲಿ? ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, 1933 ಮತ್ತು 1935ರಲ್ಲಿ ತಮ್ಮ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಯಾವ ವೈರಾಣುವೂ ಇಲ್ಲದ, ಆರೋಗ್ಯವಂತ ಮೊಲದ ಮೆದುಳಿನ ದ್ರವವನ್ನು ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿದಾಗ ಕೆಲವು ಕೋತಿಗಳು ಅದೇ ರೀತಿಯಲ್ಲಿ ಕೈಕಾಲು ಸೋತು ಬಿದ್ದವು. ಅವುಗಳ ಮೆದುಳಿನಲ್ಲಿ ನರತಂತುಗಳ ಹೊದಿಕೆಯು ಅಲ್ಲಲ್ಲಿ ಕಳಚಿಹೋಗಿತ್ತು.

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನರತಂತುವಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಉಂಟು. ಅದು ಇರುವುದರಿಂದಲೇ ಮೆದುಳಿನ ಆಜ್ಞೆಯು ಕ್ಷಣಾರ್ಧದಲ್ಲಿ ಕಾಲಿನ ಬೆರಳನ್ನು ಮುಟ್ಟುತ್ತದೆ. ಕುರಿಯ ಮೈಲಿನ್ನಿಗೂ ಮನುಷ್ಯನ ಮೈಲಿನ್ನಿಗೂ ಬಹಳ ಸಾಮ್ಯವಿದೆ. ಲಸಿಕೆಯೊಡನೆ ಒಳಹೊಕ್ಕ ಕುರಿಯ ಮೈಲಿನ್ನನ್ನು ಪರಕೀಯವೆಂದು ಬಗೆದು ಅದರ ವಿರುದ್ಧ ಸಜ್ಜಾದ ರಕ್ಷಕಕಣಗಳು, ಬಳಿಕ ರೋಗಿಯ ಸ್ವಂತ ನರಗಳ ಹೊದಿಕೆಯನ್ನೂ ಶತ್ರುವೆಂದೇ ಭಾವಿಸಿ ಹರಿದುಹಾಕುತ್ತಿದ್ದವು. ಹೀಗೆ, ಪ್ರಾಣ ಉಳಿಸಲೆಂದು ಮಾಡಿದ ಮದ್ದಿನ ಅಡ್ಡಪರಿಣಾಮವೇ ಒಂದು ಹೊಸ ಜ್ಞಾನಶಾಖೆಗೆ ಬಾಗಿಲು ತೆರೆಯಿತು.

ಕರ್ನಾಟಕದಲ್ಲಿಯೂ ಈ ಕುರಿತು ಮಹತ್ವದ ಕೆಲಸ ನಡೆದಿದೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ಎಚ್. ಎಸ್. ಸ್ವಾಮಿ, ಎಸ್. ಕೆ. ಶಂಕರ್ ಮತ್ತು ಸಹೋದ್ಯೋಗಿಗಳು ಇಂತಹ ಲಸಿಕೆಯ ಬಳಿಕ ನರರೋಗಕ್ಕೆ ಗುರಿಯಾದವರ ಲಕ್ಷಣ, ನರಗಳ ವಿದ್ಯುತ್ ಪರೀಕ್ಷೆ ಮತ್ತು ಚಿಕಿತ್ಸೆಗಳನ್ನು ವಿವರಿಸುವ ಪ್ರಬಂಧವೊಂದನ್ನು 1984ರಲ್ಲಿ ಪ್ರಕಟಿಸಿದರು. ಮುಂದೆ, ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿದ, ಮೆದುಳಿನ ಅಂಶವೇ ಇಲ್ಲದ ಲಸಿಕೆಗಳು ಬಳಕೆಗೆ ಬಂದವು. ಭಾರತದಲ್ಲಿ 2004ರ ಅಂತ್ಯಕ್ಕೆ ಕುರಿಮೆದುಳಿನ ಲಸಿಕೆಯನ್ನು ನಿಲ್ಲಿಸಲಾಯಿತು. ಈಗ ತೋಳಿಗೆ ಕೊಡುವ ಚುಚ್ಚುಮದ್ದಿನಲ್ಲಿ ಆ ಹಳೆಯ ಭಯಕ್ಕೆ ಕಾರಣವಿಲ್ಲ. ಹಿಂದಿನ ಕಥೆಯನ್ನು ಕೇಳಿ ಇಂದಿನ ಲಸಿಕೆಗೆ ಯಾರೂ ಹಿಂಜರಿಯಬಾರದು. ನಾಯಿ ಕಚ್ಚಿದ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಏಕೆಂದರೆ ಹುಚ್ಚುನಾಯಿ ರೋಗವು ತಲೆದೋರಿದ ಮೇಲೆ ಮರಣವು ಬಹುಮಟ್ಟಿಗೆ ನಿಶ್ಚಿತ.

ಲಸಿಕೆಯ ಸಂಪರ್ಕವಿಲ್ಲದೆಯೂ ಬೇಲಿಯು ಹೊಲವನ್ನು ಮೇಯುವುದುಂಟು. 1868ರಲ್ಲಿ ಫ್ರಾನ್ಸಿನ ಷಾರ್ಕೋ ವಿವರಿಸಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ಯುವಕ ಯುವತಿಯರನ್ನು ಹೆಚ್ಚಾಗಿ ಹಿಡಿಯುವ ರೋಗ. ದೃಷ್ಟಿ ಮಸುಕಾಗುವುದು, ಕಾಲು ಜೋಮುಹಿಡಿಯುವುದು, ನಡಿಗೆ ತೂರಾಡುವುದು ಮುಂತಾದ ಲಕ್ಷಣಗಳು ಬಂದು, ಇಳಿದು, ಮತ್ತೆ ಮರುಕಳಿಸುತ್ತವೆ. ಕಣ್ಣಿನ ನರ ಮತ್ತು ಬೆನ್ನುಹುರಿಗಳನ್ನೇ ಬಲವಾಗಿ ಹೊಡೆಯುವ ಇನ್ನೊಂದು ರೋಗಕ್ಕೆ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂದು ಹೆಸರು. ಇವೆರಡೂ ಒಂದೇ ಎಂದು ಬಹುಕಾಲ ಅನೇಕರು ಭಾವಿಸಿದ್ದರು. 2004ರಲ್ಲಿ ಅಮೆರಿಕೆಯ ಮೇಯೊ ಕ್ಲಿನಿಕ್ಕಿನ ಸಂಶೋಧಕರು ಎರಡನೆಯ ರೋಗದವರ ರಕ್ತದಲ್ಲಿ ವಿಶಿಷ್ಟವಾದ ಪ್ರತಿಕಾಯವೊಂದನ್ನು ಕಂಡುಹಿಡಿದರು. ಮರುವರ್ಷ, ಆ ಪ್ರತಿಕಾಯದ ಗುರಿಯು ಮೆದುಳಿನ ಪೋಷಕ ಕೋಶಗಳಲ್ಲಿರುವ ನೀರಿನ ಬಾಗಿಲೆಂಬುದು ತಿಳಿಯಿತು. ಈ ಭೇದವು ಕೇವಲ ಪಾಂಡಿತ್ಯದ ವಿಷಯವಲ್ಲ. ಮೊದಲನೆಯ ರೋಗಕ್ಕೆ ಕೊಡುವ ಕೆಲವು ಔಷಧಗಳು ಎರಡನೆಯದನ್ನು ಉಲ್ಬಣಗೊಳಿಸಬಲ್ಲವು. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಮದ್ದು ತಪ್ಪಿದರೆ ಕಣ್ಣು ಹೋಗುತ್ತದೆ.

ಮಂಗಳೂರಿನ ನರವೈದ್ಯೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಈ ರೋಗಗಳ ದಾಖಲೆ ಪುಸ್ತಕವನ್ನು ತೆರೆದು, ನಗರದ ಜನರಲ್ಲಿ ಅವುಗಳ ಪ್ರಮಾಣವನ್ನು ಲೆಕ್ಕಹಾಕಿದ್ದಾರೆ. ಮಂಗಳೂರು ನಗರದಲ್ಲಿ ಲಕ್ಷ ಜನರಿಗೆ ಸುಮಾರು ಎಂಟು ಮಂದಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವುದೆಂದು ಅವರ ಅಧ್ಯಯನವು ತಿಳಿಸುತ್ತದೆ. ಇದು ಶೀತದೇಶದ ಬಿಳಿಯರ ರೋಗ, ಈ ನಾಡಿನಲ್ಲಿ ತೀರ ವಿರಳ ಎಂಬ ಹಳೆಯ ನಂಬಿಕೆಯನ್ನು ಇಂತಹ ಎಣಿಕೆಯು ಸಡಿಲಿಸಿತು. ಎಣಿಸದೆ ಇದ್ದುದು ಇಲ್ಲವೆಂದಾಗದು.

ಗಿಲಾನ್-ಬಾರೆ ಎಂಬ ರೋಗವು 1916ರಲ್ಲಿ ವರ್ಣಿತವಾಯಿತು. ಭೇದಿಯೋ ಶೀತಜ್ವರವೋ ಬಂದುಹೋದ ಕೆಲವು ದಿನಗಳ ಮೇಲೆ ದೌರ್ಬಲ್ಯವು ಪಾದಗಳಿಂದ ಮೇಲಕ್ಕೇರುತ್ತದೆ. ಎದೆಯನ್ನು ಮುಟ್ಟಿದರೆ ಉಸಿರಿಗೇ ಸಂಚಕಾರ. 2025ರ ಆರಂಭದಲ್ಲಿ ಪುಣೆಯಲ್ಲಿ ಇದು ಹಲವರನ್ನು ಒಟ್ಟಿಗೆ ಕಾಡಿದ್ದು ಪತ್ರಿಕೆಗಳನ್ನು ಓದಿದವರಿಗೆ ನೆನಪಿರಬಹುದು.

ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದುದು ಇನ್ನೊಂದು ರೋಗ. ಚೆನ್ನಾಗಿ ಓದುತ್ತಿದ್ದ ಬಾಲಕಿಯೊಬ್ಬಳು ಒಂದೆರಡು ವಾರಗಳಲ್ಲಿ ನಿದ್ದೆಗೆಟ್ಟು, ಇಲ್ಲದ್ದನ್ನು ಕಂಡಂತೆ ಮಾತನಾಡಿ, ಬಾಯಿ ಮುಖಗಳನ್ನು ತಿರುಚಿ, ಅಪಸ್ಮಾರಕ್ಕೊಳಗಾಗಿ, ಕಡೆಗೆ ಮೂಕಳಂತಾದರೆ ಸುತ್ತಲಿನವರು ಗಾಳಿ ಸೋಕಿತೆಂದು ಭಾವಿಸಿ ಮಂತ್ರ ಹಾಕಿಸುವುದೂ, ತಾಯಿತ ಕಟ್ಟಿಸುವುದೂ ಉಂಟು. ಇಲ್ಲವೇ ಬರಿಯ ಮನೋರೋಗವೆಂದು ಕೈಬಿಡುವುದುಂಟು. ಮೆದುಳಿನಲ್ಲಿ ಸಂದೇಶವನ್ನು ಬರಮಾಡಿಕೊಳ್ಳುವ ಎನ್‌ಎಮ್‌ಡಿಎ ಎಂಬ ಗ್ರಾಹಕಗಳನ್ನು ಶರೀರದ ಪ್ರತಿಕಾಯಗಳೇ ಆಕ್ರಮಿಸುವುದರಿಂದಲೂ ಹೀಗಾಗಬಹುದೆಂದು 2007ರಲ್ಲಿ ಜೋಸೆಪ್ ಡಾಲ್ಮೌ ಮತ್ತು ಸಹೋದ್ಯೋಗಿಗಳು ತೋರಿಸಿಕೊಟ್ಟರು. 2013ರಲ್ಲಿ ಪ್ರಕಟವಾದ, 577 ರೋಗಿಗಳನ್ನು ಒಳಗೊಂಡ ಅಧ್ಯಯನದಲ್ಲಿ, ಎರಡು ವರ್ಷಗಳ ಕಾಲ ಗಮನಿಸಲಾದವರ ಪೈಕಿ ಐವರಲ್ಲಿ ನಾಲ್ವರು ಚೆನ್ನಾಗಿ ಚೇತರಿಸಿಕೊಂಡಿದ್ದರು. ಚಿಕಿತ್ಸೆಯು ಬೇಗ ಆರಂಭವಾದಷ್ಟೂ ಫಲವು ಉತ್ತಮವೆಂಬುದೂ ಅದರಲ್ಲಿಯೇ ಕಂಡುಬಂದಿತು. ತಡಮಾಡಿದ ದಿನವೆಲ್ಲ ಮಗುವಿನ ಬಾಳಿನಿಂದ ಕಳೆದ ದಿನವೇ ಸರಿ.

ಚಿಕಿತ್ಸೆಯ ತತ್ತ್ವವು ಸರಳವಾದುದು: ಕೆರಳಿದ ಕಾವಲನ್ನು ಶಾಂತಗೊಳಿಸಬೇಕು. ಅದಕ್ಕಾಗಿ, ರೋಗಕ್ಕೆ ತಕ್ಕಂತೆ, ರಕ್ತನಾಳದ ಮೂಲಕ ಸ್ಟೀರಾಯ್ಡ್ ಔಷಧವನ್ನು ಕೊಡುವುದುಂಟು. ಹಾನಿಕಾರಕ ಪ್ರತಿಕಾಯಗಳಿರುವ ರಕ್ತದ್ರವವನ್ನು ಯಂತ್ರದಿಂದ ಬೇರ್ಪಡಿಸಿ ಬದಲಿಸುವುದುಂಟು. ದಾನಿಗಳ ರಕ್ತದಿಂದ ಸಂಗ್ರಹಿಸಿದ ಇಮ್ಯುನೊಗ್ಲಾಬುಲಿನ್ನನ್ನು ನೀಡುವುದುಂಟು. ಪ್ರತಿಕಾಯಗಳನ್ನು ಹುಟ್ಟಿಸುವ ಕಣಗಳನ್ನೇ ತಗ್ಗಿಸುವ ಹೊಸ ಔಷಧಗಳೂ ಉಂಟು. ಇವುಗಳಲ್ಲಿ ಕೆಲವು ಬಹು ದುಬಾರಿಯಾದುದರಿಂದ ಬಡ ಒಕ್ಕಲು ಕುಟುಂಬವೊಂದು ರೋಗ ತಿಳಿದ ಮೇಲೂ ಕಂಗೆಡುವ ಸಂಭವವಿದೆ. ವಿದ್ಯಾದಾನಕ್ಕೆ ಕೈನೀಡುವ ಉದಾರಿಗಳು ಈ ಬಗೆಯ ರೋಗಿಗಳ ನೆರವನ್ನೂ ಮನಸ್ಸಿನಲ್ಲಿಟ್ಟುಕೊಳ್ಳುವುದು ಯೋಗ್ಯ.

ಅರಕಲಗೂಡಿನ ಹಳ್ಳಿಯಿಂದ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸಿಗಾಗಲಿ ಇರುವ ದಾರಿ ಒಂದು ದಿನದೊಳಗಿನದು. ದಾರಿಗಿಂತ ಉದ್ದವಾದುದು ಅರಿವಿಲ್ಲದ ಮನಸ್ಸಿನ ಹಿಂಜರಿಕೆ. ಹಠಾತ್ತನೆ ಕಣ್ಣು ಮಂಜಾದರೆ, ಕಾಲು ಸೋತರೆ, ಮಕ್ಕಳ ನಡೆನುಡಿ ಕೆಲವೇ ದಿನಗಳಲ್ಲಿ ಬದಲಾದರೆ, ಅದು ಗ್ರಹಚಾರವೆಂದು ಕೈಕಟ್ಟಿ ಕೂರದೆ ನರವೈದ್ಯರ ಬಳಿಗೆ ಕರೆದೊಯ್ಯಬೇಕು. ಈ ಮಾತನ್ನು ಊರಿನಲ್ಲಿ ಮೊದಲು ಹೇಳಬಲ್ಲವರು, ದಿನವೂ ಮಕ್ಕಳ ಮುಖವನ್ನು ನೋಡುವ ಶಾಲೆಯ ಅಧ್ಯಾಪಕರು.