ಜ್ವರದ ಮದ್ದು ಬಾಯಿಗೆ ಬಂದ ಕತೆ

ಬೀದರ್ ಕಡೆಯಿಂದ ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋಗುವವರಿಗೆ ಪಟಾನ್‌ಚೆರು ಬಂತೆಂದು ಬಹುಕಾಲ ಹೇಳುತ್ತಿದ್ದದ್ದು ಮೂಗು. 1970ರ ದಶಕದಿಂದ ಇಲ್ಲಿ ಎದ್ದ ಔಷಧ ಕಾರ್ಖಾನೆಗಳ ವಾಸನೆ ಅದು. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ, ಬೇಗಂಪೇಟೆಯಲ್ಲಿ, 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ. ಹಲ್ಲಿನ ಡಾಕ್ಟರು ಬರೆದುಕೊಡುವ ಮೌತ್‌ವಾಶ್‌ಗೂ ಆ ಜ್ವರಕ್ಕೂ ನಂಟಿದೆ ಎಂದರೆ ನಂಬುವವರು ಕಡಿಮೆ.

ಎರಡನೇ ಮಹಾಯುದ್ಧದಲ್ಲಿ ಜಾವಾ ಜಪಾನೀಯರ ವಶವಾಯಿತು, ಅಲ್ಲಿಂದ ಮಲೇರಿಯಾದ ಮದ್ದು ಕ್ವಿನೈನ್ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಐಸಿಐ ಕಂಪನಿಯವರು ಬದಲಿ ಹುಡುಕಿ ಪ್ರೊಗ್ವಾನಿಲ್ ತಯಾರಿಸಿದರು. ಅದೇ ಕುಲದ ರಾಸಾಯನಿಕಗಳನ್ನು ಮತ್ತೂ ಕೆದಕಿದಾಗ ಸಿಕ್ಕಿದ್ದು ಕ್ಲೋರ್‌ಹೆಕ್ಸಿಡಿನ್. ಬ್ಯಾಕ್ಟೀರಿಯಾಗಳಿಗೆ ಅದು ಮಾರಿ. 1954ರಲ್ಲಿ ಬಳಕೆಗೆ ಬಂತು, ಗಾಯ ತೊಳೆಯಲು.

ಅದನ್ನು ಬಾಯಿಗೆ ತಂದ ಹಾರಾಲ್ಡ್ ಲೋ ನನಗೆ ಬಹಳ ಇಷ್ಟದ ಮನುಷ್ಯ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಅವರು 12 ಮಂದಿಗೆ ಹಲ್ಲುಜ್ಜಲೇಬೇಡಿ ಅಂದರು; ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳೇ! 10ರಿಂದ 21 ದಿನದೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿತು, ಉಜ್ಜತೊಡಗಿದ ಮೇಲೆ ಸರಿಹೋಯಿತು. ವಸಡಿನ ರೋಗಕ್ಕೆ ಹಲ್ಲಿಗೆ ಕಟ್ಟುವ ಪಾಚಿಯೇ ಮೂಲವೆಂದು 1965ರಲ್ಲಿ ಹೀಗೆ ಖಚಿತವಾಯಿತು. 1970ರಲ್ಲಿ ಮತ್ತೊಂದು ಪರೀಕ್ಷೆ: ಶೇ 0.2ರ ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ., ದಿನಕ್ಕೆರಡು ಸಲ ಮುಕ್ಕಳಿಸಿದರೆ ಉಜ್ಜದ ಹಲ್ಲಿಗೂ ಪಾಚಿ ಕಟ್ಟಲಿಲ್ಲ.

ಆದರೆ ಮದ್ದಿಗೂ ಚಾಳಿಗಳಿವೆ. ಹಲ್ಲು ಕಂದುಗಟ್ಟುತ್ತದೆ, ಸಾರು-ಪಲ್ಯದ ರುಚಿ ಕೆಡುತ್ತದೆ. ಅದರದ್ದು ಧನ ಆವೇಶ, ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟಿನದು ಋಣ. ಎರಡೂ ಬಾಯಲ್ಲಿ ಸಂಧಿಸಿದರೆ ಒಂದನ್ನೊಂದು ಹಿಡಿದು ಕೆಲಸಕ್ಕೆ ಬಾರದಂತಾಗುತ್ತವೆ. ಉಜ್ಜಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಿ ಎನ್ನುವುದು ಇದಕ್ಕೇ. ಪ್ರಮಾಣ ತಗ್ಗಿಸಿದರೆ ಕಲೆ ಕಡಿಮೆ, ಬಲವೂ ಕಡಿಮೆ. ಹಾಗಾಗಿ ಜೊತೆಗಾರರನ್ನು ಹುಡುಕಿದರು. ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್ ಎಂಬ ಬ್ಯಾಕ್ಟೀರಿಯಾನಾಶಕದ್ದೂ ಧನ ಆವೇಶವೇ, ಜಗಳವಿಲ್ಲ. ದುರ್ವಾಸನೆಯ ಗಂಧಕವನ್ನು ಕಟ್ಟಿಹಾಕಲು ಸತು. ತಲಾ ಶೇ 0.05ರಷ್ಟು ಆ ಎರಡು ಮದ್ದು, ಜೊತೆಗೆ ಸತು ಇರುವ ಬಾಟಲಿಗಳು ಹೀಗೆ ಬಂದವು. ಸೇರಿಸಿದ್ದೆಲ್ಲ ಲಾಭವೂ ಅಲ್ಲ: 2003ರಲ್ಲಿ ಸ್ಪೇನಿನವರು ಮಾರುಕಟ್ಟೆಯ ನಾಲ್ಕು ಕ್ಲೋರ್‌ಹೆಕ್ಸಿಡಿನ್ ಮಿಶ್ರಣಗಳನ್ನು ಹೋಲಿಸಿದಾಗ ಸೆಟೈಲ್‌ಪಿರಿಡಿನಿಯಂ ಬೆರೆತದ್ದು ಮುಂದಿತ್ತು, ಫ್ಲೋರೈಡ್ ಬೆರೆತದ್ದು ಹಿಂದೆ ಬಿತ್ತು.

ಬಾಟಲಿಯ ಮುಚ್ಚಳದಲ್ಲಿ ಇಷ್ಟು ಲೆಕ್ಕ. ಮದ್ದು ತಯಾರಾಗುವ ಪಟಾನ್‌ಚೆರುವಿನಲ್ಲಿ? 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ಸಂಶೋಧಕರ ವರದಿ ಓದಿದರೆ ಸಿಟ್ಟು ಬರುತ್ತದೆ. ಸುಮಾರು 90 ಔಷಧ ಕಾರ್ಖಾನೆಗಳ ಕೊಳೆನೀರು ಸೇರುವ ಸಂಸ್ಕರಣಾ ಘಟಕದಲ್ಲಿ, ಶುದ್ಧಿಯಾಗಿ ಹೊರಬಿದ್ದ ನೀರಿನಲ್ಲೇ, ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. ಜೊತೆಗೆ ಬಿಪಿಯ ಲೊಸಾರ್ಟಾನ್, ಅಲರ್ಜಿಯ ಸೆಟಿರಿಜಿನ್. ಯಾವ ಡಾಕ್ಟರೂ ಬರೆದುಕೊಡದ ಈ ಮಿಶ್ರಣ ಇಸಕವಾಗು, ನಕ್ಕವಾಗು ಹಳ್ಳಗಳನ್ನು ಹಿಡಿದು ಇಳಿಯುತ್ತಿದ್ದದ್ದು ಬೀದರ್ ಜಿಲ್ಲೆಯನ್ನು ಹಾದುಬಂದ ನಮ್ಮ ಮಂಜೀರಾ ನದಿಗೆ.